ಓತಿಕ್ಯಾತ ಹಿಡಿದ ಬೋಂಡನ ವಿಷಯ

ಬ್ರಿಸ್ಬೇನ್

ಪ್ರೀತಿಯ ಅಮ್ಮನಿಗೆ,

ನಾನು ಆರಾಮ. ಫೋನಿನಲ್ಲಿ ನೀನೂ ಅಪ್ಪನೂ ಒಟ್ಟಿಗೇ ಮಾತಾಡುತ್ತೀರಿ, ಅರ್ಧ ಕೇಳಿಸುವುದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನಿಗೂ ಓದಲು ಕೊಡು. ಇದು ಅವಳಿಗೇ ಜಾಸ್ತಿ ಬೇಕಾಗಿರುವುದು.

ವಿಡಿಯೋ ನೋಡಿದೆ. ನಮ್ಮ ನಾಯಿ ಬೋಂಡನ ಬಾಯಿಂದ ಓತಿಕ್ಯಾತದ ಉದ್ದನೆಯ ಬಾಲ ನೇತಾಡುತ್ತಿದೆ, ಅವನು ದಾಸವಾಳದ ಗಿಡದ ಸುತ್ತ ಓಡುತ್ತಿದ್ದಾನೆ, ಹಿಂದೆ ಪೊರಕೆ ಹಿಡಿದು ನೀನು. ಅದರ ತಲೆ ಕೆಂಪಗಿತ್ತು, ವಿಷದ್ದೇ ಇರಬೇಕು ಅಂದರಂತೆ ಅಜ್ಜಿ. ಹಾಗೇನಿಲ್ಲ. ಬೆದೆಯ ಕಾಲದಲ್ಲಿ ಗಂಡು ಓತಿಕ್ಯಾತದ ತಲೆ, ಕತ್ತು ಕೆಂಪಾಗುತ್ತೆ, ಅಷ್ಟೇ. ಅದಕ್ಕೆ ವಿಷ ಇಲ್ಲ. ಹಾವುರಾಣಿಗೂ ಇಲ್ಲ, ಗೋಡೆ ಮೇಲಿನ ಹಲ್ಲಿಗೂ ಇಲ್ಲ. ಅದು ತಿರುಗಿ ಕಚ್ಚಿದ್ದರೆ ರೇಬೀಸ್ ಬರುತ್ತಾ ಅಂತ ಅಪ್ಪ ಕೇಳಿದರಲ್ಲ, ಅದೂ ಇಲ್ಲ. ರೇಬೀಸ್ ಹಾಲೂಡಿಸುವ ಪ್ರಾಣಿಗಳ ಕಾಯಿಲೆ. ಹಲ್ಲಿ, ಹಾವುಗಳಿಗೆ ಬರೋದಿಲ್ಲ. ಹಾಗಂತ ಬೋಂಡನ ಲಸಿಕೆ ತಪ್ಪಿಸಬೇಡಿ, ಬೀದಿನಾಯಿಗಳು ಇದ್ದೇ ಇವೆ.

ಹಲ್ಲಿ, ಓತಿಕ್ಯಾತ, ಆಮೆ, ಹಾವು ಇವುಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರೋದು ಮಾಮೂಲು. ಅವಕ್ಕೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಿಕ್ಕೆಯಲ್ಲಿ ಹೊರಗೆ ಬರುತ್ತೆ, ಮೈಗೂ ಮೆತ್ತಿರುತ್ತೆ. ನಾಯಿ ಅದನ್ನು ಕಚ್ಚಿದರೂ, ಹಿಕ್ಕೆ ನೆಕ್ಕಿದರೂ ಹೊಟ್ಟೆಗೆ ಹೋಗಬಹುದು. ಬೋಂಡನಂಥ ಗಟ್ಟಿಮುಟ್ಟಾದ ನಾಯಿ ಹೆಚ್ಚಾಗಿ ಅರಗಿಸಿಕೊಂಡುಬಿಡುತ್ತೆ. ಮರಿಗಳಿಗೆ, ಮುದಿ ನಾಯಿಗಳಿಗೆ, ಮೊದಲೇ ಸೊರಗಿದವಕ್ಕೆ ಕಷ್ಟ: ಜ್ವರ, ವಾಂತಿ, ನೀರಿನಂಥ ಭೇದಿ, ಕೆಲವೊಮ್ಮೆ ರಕ್ತ. ಅಂಥದ್ದೇನಾದರೂ ಕಂಡರೆ ಮಜ್ಜಿಗೆ ಅನ್ನ ಹಾಕಿ ಕಾಯಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅಕ್ಕ ಗಮನ ಕೊಡಬೇಕಾದ್ದು ಇಲ್ಲಿ. ನಾಯಿ ನೋಡಲು ಚೆನ್ನಾಗಿಯೇ ಇದ್ದು, ವಾರಗಟ್ಟಲೆ ಅದರ ಕಕ್ಕದಲ್ಲಿ ಈ ಬ್ಯಾಕ್ಟೀರಿಯಾ ಹೋಗುತ್ತಿರಬಹುದು. ಪುಟ್ಟಿ ಈಗ ಅಂಬೆಗಾಲಿಡುತ್ತಾಳೆ, ಸಿಕ್ಕಿದ್ದೆಲ್ಲ ಬಾಯಿಗೆ. ಐದು ವರ್ಷದೊಳಗಿನ ಮಕ್ಕಳಿಗೂ ಅಜ್ಜಿಯಂಥ ವಯಸ್ಸಾದವರಿಗೂ ಇದು ಜೋರಾಗಿಯೇ ತಗಲಬಹುದು. ನಾಯಿಯನ್ನು ಯಾರಿಗೋ ಕೊಟ್ಟುಬಿಡೋಣ ಅನ್ನೋ ಮಾತು ಮಾತ್ರ ಬೇಡ. ಅವನು ಮಗುವಿನ ಮುಖ ನೆಕ್ಕದ ಹಾಗೆ ನೋಡಿಕೊಳ್ಳಿ. ಕಕ್ಕ ಆಗಿಂದಾಗ ಎತ್ತಿ, ಸೋಪು ಹಾಕಿ ಕೈ ತೊಳೆಯಿರಿ. ಅವನ ತಟ್ಟೆಯನ್ನು ಅಡುಗೆಮನೆ ಸಿಂಕ್‌ನಲ್ಲಿ ತೊಳೆಯಬೇಡ, ಹಿತ್ತಲ ನಲ್ಲಿ ಇದೆಯಲ್ಲ. ಇನ್ನೊಂದು ಮಾತು, ಅಪ್ಪನಿಗೆ ಕೋಪ ಬಂದರೂ ಸರಿ: ಅವರು ಪ್ರೀತಿಯಿಂದ ಹಾಕುವ ಹಸಿ ಕೋಳಿ ಚೂರುಗಳಲ್ಲೂ ಇದೇ ಸಾಲ್ಮೊನೆಲ್ಲಾ ಇರಬಹುದು. ಎಂದೋ ಒಮ್ಮೆ ಸಿಗುವ ಓತಿಕ್ಯಾತಕ್ಕೆ ಹೆದರಿ, ವಾರವಾರ ಹಸಿ ಕೋಳಿ ಹಾಕಿದರೆ ಏನು ಬಂತು? ಬೇಯಿಸಿ ಹಾಕಲಿ.

ಇಲ್ಲಿನ ನಾಯಿ ಸಾಕಿದವರಿಗೆ ಹಲ್ಲಿಗಿಂತ ಕಪ್ಪೆಯ ಭಯ. ಕಬ್ಬಿನ ಹುಳ ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ಕೇನ್ ಟೋಡ್ ಅನ್ನೋ ವಿಷದ ಕಪ್ಪೆ ತಂದು ಬಿಟ್ಟರಂತೆ. ಹುಳ ಹಾಗೇ ಉಳಿಯಿತು, ಕಪ್ಪೆ ಎಲ್ಲ ಕಡೆ ಹಬ್ಬಿತು. ಅದನ್ನು ಕಚ್ಚಿದ ನಾಯಿಯ ಬಾಯಲ್ಲಿ ನೊರೆ, ಆಮೇಲೆ ನಡುಕ. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ ಒರೆಸಿ ಡಾಕ್ಟರ ಹತ್ತಿರ ಓಡುತ್ತಾರೆ. ನಮ್ಮ ಮಳೆಗಾಲದ ಒರಟು ಮೈಯ ಕಪ್ಪೆಯನ್ನೂ ಬೋಂಡ ಬಾಯಿಗೆ ಹಾಕದಿರಲಿ.

ನಿಜವಾಗಿ ಹೆದರಬೇಕಾದ್ದು ಹಾವಿಗೆ. ಮನೆ ಹಿಂದೆಯೇ ತುರಹಳ್ಳಿ ಕಾಡು. ಕೇರೆಹಾವು ಬಂದರೆ ಬಿಡಿ, ಇಲಿ ತಿಂದುಕೊಂಡು ಹೋಗುತ್ತೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲದ್ದು ಬೇರೆ ಕಥೆ. ಕೊಳಕುಮಂಡಲ ಬುಸುಗುಟ್ಟಿದರೆ ಕುಕ್ಕರಿನಿಂದ ಆವಿ ಬಿಟ್ಟ ಹಾಗೆ ಕೇಳಿಸುತ್ತೆ. ನಾಯಿ ಮೂಸಲು ಹೋಗೋದರಿಂದ ಮುಖಕ್ಕೋ ಮುಂಗಾಲಿಗೋ ಕಚ್ಚಿಸಿಕೊಳ್ಳುತ್ತೆ. ಮಂಡಲದ್ದಾದರೆ ಊತ, ರಕ್ತ ಸೋರುವುದು. ನಾಗರ, ಕಟ್ಟುಹಾವಿನದ್ದಾದರೆ ರೆಪ್ಪೆ ಇಳಿಬೀಳುತ್ತೆ, ಹಿಂಗಾಲು ಸೋಲುತ್ತೆ, ಉಸಿರಾಟ ಕಷ್ಟ. ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಅರಿಶಿನ ಮೆತ್ತಿಕೊಂಡು ಕೂರಬಾರದು. ನಡೆಸದೆ ಎತ್ತಿಕೊಂಡು ಕಾರಿಗೆ ಹಾಕಿ. ಮನುಷ್ಯರಿಗೆ ಕೊಡುವ ಆಂಟಿವೆನಮ್ ಇಂಜೆಕ್ಷನ್ನೇ ನಾಯಿಗೂ ಕೊಡುತ್ತಾರೆ.

ಅದು ಎಲ್ಲ ಕ್ಲಿನಿಕ್‌ನಲ್ಲೂ ಇರೋದಿಲ್ಲ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ ನಿಜ, ಆದರೆ ಕನಕಪುರ ರಸ್ತೆಯಿಂದ ಅಲ್ಲಿಗೆ ಸಂಜೆ ಟ್ರಾಫಿಕ್‌ನಲ್ಲಿ ಮುಟ್ಟೋದು ಯಾವಾಗ? ನಮ್ಮ ಕಡೆ ಯಾರ ಹತ್ತಿರ ಇಂಜೆಕ್ಷನ್ ಇದೆ, ರಾತ್ರಿ ಯಾರು ತೆಗೆದಿರುತ್ತಾರೆ ಅಂತ ಅಪ್ಪ ಈಗಲೇ ಫೋನ್ ಮಾಡಿ ಕೇಳಿ, ಫ್ರಿಜ್ ಮೇಲೆ ಬರೆದು ಅಂಟಿಸಲಿ. ಹಿತ್ತಲಲ್ಲಿ ತೆಂಗಿನ ಗರಿ, ಹಳೇ ಇಟ್ಟಿಗೆ ರಾಶಿ ಇನ್ನೂ ಹಾಗೇ ಇದೆ, ವಿಡಿಯೋದಲ್ಲಿ ಕಾಣಿಸಿತು. ತೆಗೆಸಿ. ಬೋಂಡ ತಿಂದು ಬಿಟ್ಟ ಅನ್ನವನ್ನು ರಾತ್ರಿಯಿಡೀ ಹೊರಗೆ ಇಡಬೇಡ. ಇಲಿ ಬರುತ್ತೆ, ಇಲಿಯ ಹಿಂದೆ ಹಾವು.

ಅಜ್ಜಿಗೆ ನಮಸ್ಕಾರ ಹೇಳು. ಇಟ್ಟಿಗೆ ಯಾವಾಗ ತೆಗೆಸುತ್ತೀರಿ ಅಂತ ಭಾನುವಾರ ಫೋನಿನಲ್ಲಿ ಕೇಳುತ್ತೇನೆ.

ಇಂತಿ ನಿನ್ನ ಮಗಳು,
ಸುಮಾ