ಮನೆಯಲ್ಲೇ ಕೂತು ನರ್ಸ್ ಪ್ರಾಕ್ಟಿಷನರ್ ಆಗಲು ಸಾಧ್ಯವಿಲ್ಲ

ಮಾನ್ಯ ಸಂಪಾದಕರೇ,

ಕೋಲಾರದ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾನು ಸ್ಟಾಫ್ ನರ್ಸ್. ಬಿಎಸ್ಸಿ ನರ್ಸಿಂಗ್ ಓದಿದ್ದೇನೆ. ನರ್ಸ್ ಪ್ರಾಕ್ಟಿಷನರ್, ಅಂದರೆ ಹೆಚ್ಚಿನ ಓದು, ತರಬೇತಿ ಪಡೆದು ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯನ್ನೂ ಕೊಡುವ ನರ್ಸ್ ಆಗಬೇಕು ಅನ್ನೋ ಆಸೆ ಇದೆ, ಆದರೆ ಕೆಲಸ ಬಿಡುವ ಸ್ಥಿತಿಯಲ್ಲಿ ಇಲ್ಲ. ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದಿಂದ ದಿನಾ ಬಸ್ ಹತ್ತಿ ಡ್ಯೂಟಿಗೆ ಬರುವ ಎಷ್ಟೋ ಹುಡುಗಿಯರದ್ದೂ ಇದೇ ಕಥೆ. ಮನೆಗೆ ಸಂಬಳ ಬೇಕು, ಮನಸ್ಸಿಗೆ ಓದು ಬೇಕು.

ಈ ಆಸೆಯನ್ನೇ ಹಿಡಿದುಕೊಂಡು ಈಗ ಒಂದು ವ್ಯಾಪಾರ ಶುರುವಾಗಿದೆ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಪದೇ ಪದೇ ಜಾಹೀರಾತು ಬರುತ್ತದೆ. ಆನ್‌ಲೈನ್‌ನಲ್ಲೇ ನರ್ಸ್ ಪ್ರಾಕ್ಟಿಷನರ್ ಕೋರ್ಸ್, ಕೆಲಸ ಬಿಡಬೇಕಾಗಿಲ್ಲ, ಆರು ತಿಂಗಳಲ್ಲಿ ಸರ್ಟಿಫಿಕೇಟ್, ಫೀಸನ್ನು ಕಂತಿನಲ್ಲಿ ಕಟ್ಟಬಹುದು. ನನ್ನ ಜೊತೆ ಕೆಲಸ ಮಾಡುವ ಒಬ್ಬಳು ನಂಬಿ ಕಟ್ಟಿದಳು. ಒಂದಷ್ಟು ವಿಡಿಯೋ ಪಾಠ ಕಳಿಸಿದರು, ಕೊನೆಗೆ ಬಣ್ಣದ ಸರ್ಟಿಫಿಕೇಟೂ ಬಂತು. ಇದನ್ನು ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬಹುದಾ ಅಂತ ಕೇಳಲು ಫೋನ್ ಮಾಡಿದರೆ ಎತ್ತುವವರೇ ಇಲ್ಲ. ಅವರಪ್ಪ ಸಾಲ ಮಾಡಿ ಕೊಟ್ಟ ದುಡ್ಡು ಅದು. ಸಿಟ್ಟು ಬರಲ್ವಾ?

ನಿಯಮದಲ್ಲಿ ಗೊಂದಲವೇನೂ ಇಲ್ಲ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿ 2020ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗೆ ನಿಯಮಾವಳಿ ತಂದಿದೆ. ಆ ದಾರಿಯಲ್ಲಿ ನಡೆಸಬಾರದ ಕೋರ್ಸುಗಳ ಪಟ್ಟಿಯಲ್ಲಿ ವೈದ್ಯಕೀಯ, ದಂತ ವೈದ್ಯಕೀಯ, ಫಾರ್ಮಸಿ ಜೊತೆಗೆ ನರ್ಸಿಂಗ್ ಕೂಡ ಇದೆ. ನಮ್ಮ ದೇಶದಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಠ್ಯ ರೂಪಿಸಿರುವ ನರ್ಸ್ ಪ್ರಾಕ್ಟಿಷನರ್ ಕೋರ್ಸುಗಳಲ್ಲಿ ಒಂದು ಕ್ರಿಟಿಕಲ್ ಕೇರ್‌ನದು. ತೀವ್ರ ಸ್ಥಿತಿಯ ರೋಗಿಗಳ ಆರೈಕೆ ಕಲಿಸುವ ಎರಡು ವರ್ಷದ ಎಂಎಸ್ಸಿ, ಅದೂ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಕಲಿಯುವುದು. ಬಿಎಸ್ಸಿ ಆದ ಮೇಲೆ ಕನಿಷ್ಠ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಪ್ರವೇಶ. ಇನ್ನೊಂದು ಹೆರಿಗೆಗೆ ಸಂಬಂಧಿಸಿದ ಮಿಡ್‌ವೈಫರಿಯ ಹದಿನೆಂಟು ತಿಂಗಳ ಡಿಪ್ಲೊಮಾ. ಎರಡರಲ್ಲೂ ತರಗತಿಯ ಪಾಠ ಕಡಿಮೆ, ರೋಗಿಯ ಪಕ್ಕದಲ್ಲಿ ನಿಂತು ಕಲಿಯುವುದೇ ಜಾಸ್ತಿ.

‘ಅಮೆರಿಕದಲ್ಲಿ ಎಲ್ಲರೂ ಆನ್‌ಲೈನ್‌ನಲ್ಲೇ ಓದ್ತಾರಂತೆ’ ಅಂತ ಏಜೆಂಟರು ಹೇಳುತ್ತಾರೆ. ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇದೆ. ನನ್ನ ದೊಡ್ಡಮ್ಮನ ಮಗಳು ಟೆಕ್ಸಾಸ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಕೆಲಸದಲ್ಲಿದ್ದುಕೊಂಡೇ ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಓದುತ್ತಿದ್ದಾಳೆ. ಪಾಠ, ಪ್ರಬಂಧ ಎಲ್ಲ ಆನ್‌ಲೈನ್‌ನಲ್ಲೇ. ಆದರೆ ಕ್ಲಿನಿಕ್‌ಗೆ ಅವಳೇ ಹೋಗಬೇಕು. ರೋಗಿಗಳ ಜೊತೆ ನೇರವಾಗಿ ಕನಿಷ್ಠ 750 ಗಂಟೆ ಕೆಲಸ ಮಾಡಿರಬೇಕು ಅಂತ 2022ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನದಂಡ ಬಂದಿದೆ. ಮೊದಲು ಅದು 500 ಇತ್ತು. ಅಂದರೆ ಆನ್‌ಲೈನ್ ಕೋರ್ಸುಗಳು ಹೆಚ್ಚಿದ ಹಾಗೆ ಅವರು ಗಂಟೆ ಇಳಿಸಲಿಲ್ಲ, ಏರಿಸಿದರು!

ಅಕ್ಕ ಕಾಲೇಜು ಆರಿಸಿಕೊಂಡ ರೀತಿ ನನಗೆ ತುಂಬಾ ಕಲಿಸಿತು. ಫೀಸು ಕೇಳುವ ಮೊದಲೇ ಮಾನ್ಯತೆ ಕೇಳಿದಳು. ಅಲ್ಲಿ ಸಿಸಿಎನ್‌ಇ, ಎಸಿಇಎನ್‌ನಂಥ ಮಾನ್ಯತಾ ಸಂಸ್ಥೆಗಳಿವೆ. ಇಂಥ ಸಂಸ್ಥೆಯ ಮಾನ್ಯತೆ ಇಲ್ಲದ ಕಾಲೇಜಲ್ಲಿ ಓದಿದರೆ ಕೊನೆಯ ಸರ್ಟಿಫಿಕೇಶನ್ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಆಮೇಲೆ, ನಾನಿರುವ ರಾಜ್ಯದವರನ್ನು ಸೇರಿಸಿಕೊಳ್ಳಲು ನಿಮಗೆ ಅನುಮತಿ ಇದೆಯಾ ಅಂತ ಕೇಳಿದಳು. ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಒಂದು ರಾಜ್ಯದ ಕಾಲೇಜು ಬೇರೆ ರಾಜ್ಯದವರನ್ನೆಲ್ಲ ಹಾಗೇ ಸೇರಿಸಿಕೊಳ್ಳುವಂತಿಲ್ಲ.

ಅವಳು ಪಟ್ಟು ಹಿಡಿದದ್ದು ಮೂರನೆಯ ಪ್ರಶ್ನೆಗೆ. ಕ್ಲಿನಿಕ್‌ನಲ್ಲಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವವರು ಯಾರು? ಪ್ರಿಸೆಪ್ಟರ್ ಅನ್ನುತ್ತಾರೆ ಅವರನ್ನು. ಡಾಕ್ಟರ್ ಇರಬಹುದು, ಅನುಭವ ಇರುವ ನರ್ಸ್ ಪ್ರಾಕ್ಟಿಷನರ್ ಇರಬಹುದು. ಕೆಲವು ಕಾಲೇಜುಗಳು ತಾವೇ ಹುಡುಕಿ ಕೊಡುತ್ತವೆ. ಕೆಲವು ನೀವೇ ಹುಡುಕಿಕೊಳ್ಳಿ ಅಂತ ಕೈಬಿಡುತ್ತವೆ. ಆಗ ಫೀಸು ಕಟ್ಟಿದ ನರ್ಸ್ ರಜೆ ದಿನ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯಬೇಕು. ಸಿಗದಿದ್ದರೆ ಕೋರ್ಸ್ ಅಲ್ಲಿಗೇ ನಿಲ್ಲುತ್ತದೆ. ಅಕ್ಕ ಕಡಿಮೆ ಫೀಸಿನ ಕಾಲೇಜು ಬಿಟ್ಟು ಜಾಸ್ತಿ ಫೀಸಿನದಕ್ಕೆ ಸೇರಿದ್ದು ಇದೊಂದೇ ಕಾರಣಕ್ಕೆ. ಇಷ್ಟೆಲ್ಲ ಆಗಿ ಪಾಸಾದರೂ ಟೆಕ್ಸಾಸ್‌ನಲ್ಲಿ ಔಷಧಿ ಬರೆಯಬೇಕಾದರೆ ಡಾಕ್ಟರ್ ಒಬ್ಬರ ಜೊತೆ ಒಪ್ಪಂದ ಇರಬೇಕು. ಕೊಲರಾಡೊದಂಥ ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟಿಷನರ್‌ಗಳಿಗೆ ಹೆಚ್ಚು ಸ್ವಾತಂತ್ರ್ಯ ಇದೆ. ಈ ವೃತ್ತಿ ಶುರುವಾಗಿದ್ದೂ ಕೊಲರಾಡೊದಲ್ಲೇ, 1965ರಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಆರಂಭಿಸಿದ್ದು. ಡಾಕ್ಟರುಗಳು ಸಾಕಷ್ಟಿಲ್ಲದ ಕಡೆಯ ಮಕ್ಕಳಿಗಾಗಿ ಹುಟ್ಟಿದ ಕೋರ್ಸ್ ಅದು.

ಕೋಲಾರದಲ್ಲಿ ಕೂತು ಅಮೆರಿಕದ ಈ ಕೋರ್ಸ್ ಮಾಡಬಹುದಾ ಅಂತ ಕೇಳುವವರಿಗೂ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರೀಕ್ಷೆ ಪಾಸಾಗಿ, ನೋಂದಾಯಿತ ನರ್ಸ್‌ಗೆ ಕೊಡುವ ಅಲ್ಲಿನ ಆರ್‌ಎನ್ ಲೈಸೆನ್ಸ್ ತೆಗೆದುಕೊಳ್ಳಬೇಕು, ಕ್ಲಿನಿಕ್ ಗಂಟೆಗಳನ್ನು ಅಲ್ಲೇ ಮುಗಿಸಬೇಕು. ಬೇರೆ ಏನೇ ಹೇಳಿದರೂ ನಂಬಬೇಡಿ.

ರೋಗಿಯ ಪಕ್ಕದಲ್ಲೇ ಕಲಿಯಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಯಾಕೆ ಅಂದರೆ, ನಮ್ಮದು ಟೊಮೆಟೊ ಬೆಳೆಯುವ ಜಿಲ್ಲೆ. ತೋಟಕ್ಕೆ ಹೊಡೆಯುವ ಕೀಟನಾಶಕ ದೇಹಕ್ಕೆ ಸೇರಿದವರು ನಮ್ಮ ಐಸಿಯುಗೆ ಬರುತ್ತಲೇ ಇರುತ್ತಾರೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ ಸದ್ದು. ಆ ವಿಷಕ್ಕೆ ಪ್ರತಿಯಾಗಿ ಅಟ್ರೋಪಿನ್ ಎಂಬ ಔಷಧಿ ಶುರು ಮಾಡುತ್ತಾರೆ. ಅಲ್ಲಿಂದ ಆ ರೋಗಿ ನರ್ಸ್ ಕೈಯಲ್ಲಿ. ಕೆಲವೇ ನಿಮಿಷಕ್ಕೊಮ್ಮೆ ಸ್ಟೆತೊಸ್ಕೋಪ್ ಇಟ್ಟು ಎದೆ ತಿಳಿಯಾಯಿತಾ ಕೇಳಬೇಕು. ನಾಡಿ 80 ದಾಟಿತಾ ನೋಡಬೇಕು. ಕಂಕುಳಿಗೆ ಕೈ ಹಾಕಿ ಒಣಗಿದೆಯಾ ಮುಟ್ಟಿ ನೋಡಬೇಕು. ಇನ್ನೂ ಬೆವರಿದ್ದರೆ ಅಟ್ರೋಪಿನ್ ಸಾಲದು. ಪೂರ್ತಿ ಒಣಗಿ, ಮೈ ಸುಡುತ್ತಾ, ಆಸಾಮಿ ಬಡಬಡಿಸುತ್ತಾ ಐವಿ ಲೈನ್ ಕಿತ್ತುಕೊಳ್ಳಲು ಹೊರಟರೆ ಅಟ್ರೋಪಿನ್ ಜಾಸ್ತಿಯಾಗಿದೆ. ಈ ಎರಡರ ನಡುವಿನ ಹದ ನನಗೆ ಹೇಳಿಕೊಟ್ಟವರು ನಮ್ಮ ಇನ್‌ಚಾರ್ಜ್ ಸಿಸ್ಟರ್. ನನ್ನ ಕೈ ಹಿಡಿದು ರೋಗಿಯ ಕಂಕುಳಲ್ಲಿ ಇಡಿಸಿ, ‘ಈಗ ಹೇಳು’ ಅಂದರು. ಯಾವ ವಿಡಿಯೋ ಇದನ್ನು ಕಲಿಸುತ್ತದೆ?

ನಾನು ಆನ್‌ಲೈನ್ ಕಲಿಕೆಯ ವಿರೋಧಿಯಲ್ಲ. ಇಸಿಜಿ ಓದುವುದು, ಔಷಧಿಗಳ ಲೆಕ್ಕ, ಸಂಶೋಧನೆಯ ವಿಷಯ, ಇವನ್ನೆಲ್ಲ ಮನೆಯಲ್ಲಿ ಕೂತು ಚೆನ್ನಾಗಿ ಕಲಿಯಬಹುದು. ಅದು ತಿಳಿವಳಿಕೆ ಹೆಚ್ಚಿಸುತ್ತದೆ. ಪದವಿ ಅಂತ ಮಾತ್ರ ಮಾರಬಾರದು.

ಈಗ ಮುಖ್ಯ ವಿಷಯ. ನರ್ಸ್‌ಗಳು ಇಂಥ ಜಾಹೀರಾತಿಗೆ ಮರುಳಾಗುವುದು ಬುದ್ಧಿ ಕಡಿಮೆ ಅಂತ ಅಲ್ಲ. ಸರಿಯಾದ ಕೋರ್ಸಿಗೆ ಎರಡು ವರ್ಷ ಕೆಲಸ ಬಿಟ್ಟು ಹೋಗಬೇಕು, ಅಷ್ಟು ದಿನ ಮನೆ ನಡೆಸುವವರು ಯಾರು? ಕ್ರಿಟಿಕಲ್ ಕೇರ್ ಕೋರ್ಸಿನ ನಿಯಮದಲ್ಲಿ ಇದಕ್ಕೆ ಉತ್ತರ ಇದೆ. ಕೆಲಸದಲ್ಲಿದ್ದು ಓದಲು ಬಂದವರಿಗೆ ಅವರ ಸಂಬಳ ಸಿಗಬೇಕು, ಉಳಿದವರಿಗೆ ಕೋರ್ಸ್ ನಡೆಸುವ ಆಸ್ಪತ್ರೆಯ ಸಂಬಳದ ಪ್ರಕಾರ ಕೊಡಬೇಕು ಅಂತ ಕೌನ್ಸಿಲ್ ಬರೆದಿದೆ. ಕಾಗದದಲ್ಲಿರುವ ಈ ಮಾತು ನಮ್ಮ ತನಕ ಬಂದಿಲ್ಲ. ನಾನು ನಮ್ಮ ಆಡಳಿತದವರನ್ನು ಸಂಬಳ ಸಹಿತ ರಜೆ ಕೇಳಿದೆ. ‘ಹೋಗೋದಾದ್ರೆ ರಾಜೀನಾಮೆ ಕೊಟ್ಟು ಹೋಗಿ’ ಅಂದರು. ನರ್ಸ್‌ಗಳ ಮೂಲ ಸರ್ಟಿಫಿಕೇಟುಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಆಸ್ಪತ್ರೆಗಳೂ ಇವೆ. ಅವನ್ನು ಬಿಡಿಸಿಕೊಳ್ಳದೆ ಯಾವ ಕಾಲೇಜಿಗೆ ಅರ್ಜಿ ಹಾಕುವುದು?

ಆರೋಗ್ಯ ಇಲಾಖೆಯವರಲ್ಲಿ ನನ್ನ ಬೇಡಿಕೆ ಇಷ್ಟು. ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ದೊಡ್ಡ ಐಸಿಯು ಇರುವ ಆಸ್ಪತ್ರೆಗಳಲ್ಲೇ ಈ ರೆಸಿಡೆನ್ಸಿ ಸೀಟುಗಳನ್ನು ತೆರೆಯಿರಿ. ನಾವು ಹೇಗೂ ಅಲ್ಲಿ ರಾತ್ರಿ ಹಗಲು ದುಡಿಯುತ್ತಿದ್ದೇವೆ, ಆ ದುಡಿಮೆ ಕಲಿಕೆಯೂ ಆಗಲಿ. ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೂ ಸಂಬಳದ ಆ ನಿಯಮ ತಪ್ಪದೆ ಸಿಗುವ ಹಾಗೆ ನೋಡಿಕೊಳ್ಳಿ. ಓದಿ ಬಂದವರಿಗೆ ಹುದ್ದೆಯನ್ನೂ ಸೃಷ್ಟಿಸಿ. ನರ್ಸ್ ಪ್ರಾಕ್ಟಿಷನರ್ ಆಗಿ ಬಂದು ಮತ್ತೆ ಅದೇ ಸ್ಟಾಫ್ ನರ್ಸ್ ಸಂಬಳಕ್ಕೆ ಕೂರುವುದಾದರೆ ಯಾರು ಹೋಗುತ್ತಾರೆ? 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಹೊಸ ವ್ಯವಸ್ಥೆಯಲ್ಲಾದರೂ ಈ ಮಾತು ಎತ್ತಲು ನಮ್ಮ ರಾಜ್ಯಕ್ಕೆ ಅವಕಾಶ ಇದೆ.

ರಾಜ್ಯದ ನರ್ಸಿಂಗ್ ಕೌನ್ಸಿಲ್‌ಗೂ ಒಂದು ಮನವಿ. ಮಾನ್ಯತೆ ಇರುವ ಕೋರ್ಸು, ಕಾಲೇಜುಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಪ್ರತಿ ಆಸ್ಪತ್ರೆಯ ನರ್ಸಿಂಗ್ ಸ್ಟೇಷನ್‌ಗೆ ಕಳಿಸಿ. ಡ್ಯೂಟಿ ರೋಸ್ಟರ್ ಅಂಟಿಸುವ ಗೋಡೆಯಲ್ಲೇ ಅದನ್ನೂ ಅಂಟಿಸುತ್ತೇವೆ. ಅಲ್ಲಿಯ ತನಕ ನನ್ನ ಸಹೋದ್ಯೋಗಿಗಳು ಒಂದು ರೂಪಾಯಿ ಕಟ್ಟುವ ಮೊದಲು ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ವೆಬ್‌ಸೈಟ್‌ನಲ್ಲಿ ಆ ಕಾಲೇಜಿನ ಹೆಸರು ಇದೆಯಾ ನೋಡಲಿ. ಯಾವ ಆಸ್ಪತ್ರೆಯಲ್ಲಿ, ಯಾರ ಕೈಕೆಳಗೆ ಕಲಿಸುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಲಿ.

– ಐಸಿಯು ನರ್ಸ್, ಕೋಲಾರ