ಆ ಹುಡುಗನಿಗೆ ಟಿಸಿ ಕೊಡೋದಿಲ್ಲ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಗ್ರೊಟ್ಟೊ, ಅಂದರೆ ಮಾತೆ ಮರಿಯಮ್ಮನವರ ಮೂರ್ತಿ ಇರುವ ಗುಹೆಯಂಥ ಗುಡಿ, ಅದರ ವಿಷಯ ಈಗಾಗಲೇ ಎಲ್ಲರ ಮನೆಗೂ ಮುಟ್ಟಿದೆ, ಕೋಡಿಬಾಗದಿಂದ ಸದಾಶಿವಗಡದ ತನಕ ವಾಟ್ಸಾಪಲ್ಲಿ ಓಡಾಡಿದೆ, ಹಾಗಾಗಿ ಎಲ್ಲವನ್ನೂ ಮೊದಲಿಂದ ಹೇಳೋದಿಲ್ಲ. ಆದರೆ ಓಡಾಡಿದ್ದರಲ್ಲಿ ಅರ್ಧ ಸುಳ್ಳು ಸೇರಿಕೊಂಡಿದೆ, ಅದಕ್ಕೆ ಇಷ್ಟು ಹೇಳ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಸಂಜೆ ಶಾಲೆ ಬಿಟ್ಟ ಮೇಲೆ ಗ್ರೊಟ್ಟೊಗೆ ಕಲ್ಲು ಹೊಡೆದಿದ್ದಾನೆ. ಎದುರಿನ ಗಾಜು ಒಡೆದಿದೆ, ಮಾತೆಯ ಬಲಗೈ ಮಣಿಕಟ್ಟಿನ ಹತ್ರ ಮುರಿದಿದೆ. ಅವನು ಒಬ್ಬನೇ ಇದ್ದ. ಯಾರೂ ಕಳಿಸಿದ್ದಲ್ಲ, ಯಾವ ಸಂಘಟನೆಯೂ ಇದರ ಹಿಂದೆ ಇಲ್ಲ. ಫುಟ್ಬಾಲ್ ಆಡುವಾಗ ಶುರುವಾದ ಜಗಳ, ಒಬ್ಬ ಇನ್ನೊಬ್ಬನ ಅಪ್ಪನ ಬಗ್ಗೆ ಏನೋ ಅಂದದ್ದು, ಅದರ ಸಿಟ್ಟಿಗೆ ಇವನು ಎದುರಿನವರಿಗೆ ಯಾವುದು ಜಾಸ್ತಿ ನೋವಾಗ್ತದೆ ಅಂತ ನೋಡಿ ಅದಕ್ಕೇ ಕಲ್ಲು ಹೊಡೆದಿದ್ದಾನೆ. ಮರುದಿನ ಬೆಳಿಗ್ಗೆ ಕೇಳಿದಾಗ ಒಪ್ಪಿಕೊಂಡ.

ಇದರ ನಂತರ ನಡೆದದ್ದನ್ನ ಮಾತ್ರ ಯಾರೂ ನನ್ನ ಹತ್ರ ಬಂದು ಹೇಳಲಿಲ್ಲ, ವಿಡಿಯೋ ನೋಡಿಯೇ ಗೊತ್ತಾದದ್ದು. ನಮ್ಮದೇ ಶಾಲೆಯ ನಾಲ್ಕು ಹುಡುಗರು ಅವನನ್ನ ಬೀಚಿನ ಕಡೆ ಕರ್ಕೊಂಡು ಹೋಗಿ ಹೊಡೆದಿದ್ದಾರೆ. ಒಬ್ಬ ಅವನ ಬಲಗೈ ತಿರುಚಿ ಹಿಡಿದು ನಿನ್ನದೂ ಮುರೀತೇವೆ ಅಂತ ಹೇಳ್ತಾನೆ, ಇನ್ನೊಬ್ಬ ಮೊಬೈಲ್ ಹಿಡ್ಕೊಂಡು ನಗ್ತಾ ಇದ್ದಾನೆ. ಈ ನಾಲ್ವರಲ್ಲಿ ಇಬ್ಬರು ಭಾನುವಾರ ಫಾದರ್ ಪಕ್ಕ ನಿಂತು ಪೂಜೆಗೆ ಸಹಾಯ ಮಾಡುವ ಮಕ್ಕಳು. ಇದನ್ನ ಬರೆಯುವಾಗ ನನಗೆ ಬಹಳ ಸಂಕಟ ಆಗ್ತದೆ ಆದರೆ ಬರೆಯದೇ ಇದ್ದರೆ ಈ ಪತ್ರಕ್ಕೆ ಅರ್ಥ ಇಲ್ಲ.

ಕಳೆದ ವಾರ ಕೆಲವು ಪೋಷಕರು ಸಹಿ ಮಾಡಿದ ಮನವಿ ತಂದುಕೊಟ್ಟಿದ್ದೀರಿ. ಕಲ್ಲು ಹೊಡೆದ ಹುಡುಗನಿಗೆ ಟಿಸಿ ಕೊಡಬೇಕು, ಪೊಲೀಸ್ ಕಂಪ್ಲೇಂಟ್ ಆಗಬೇಕು, ಇಲ್ಲದಿದ್ದರೆ ನಮ್ಮ ಮಕ್ಕಳನ್ನ ಬೇರೆ ಶಾಲೆಗೆ ಹಾಕ್ತೇವೆ ಅಂತ. ಮನವಿಯನ್ನ ಪೂರ್ತಿ ಓದಿದ್ದೇನೆ. ಸಹಿ ಮಾಡಿದವರಲ್ಲಿ ಹೆಚ್ಚಿನವರು ನಮ್ಮ ಇಗರ್ಜಿಯವರೇ, ಅಂದರೆ ನಮ್ಮ ಚರ್ಚಿನವರೇ, ಕೆಲವರನ್ನ ನಾನು ಚಿಕ್ಕಂದಿನಿಂದ ಬಲ್ಲೆ. ನಿಮಗೆ ನೋವಾಗಿದೆ, ಅದು ಸುಳ್ಳಲ್ಲ. ಆ ಗ್ರೊಟ್ಟೊ ಎದುರು ನಿಂತು ಪರೀಕ್ಷೆಗೆ ಹೋದವರು ನೀವು, ಈಗ ನಿಮ್ಮ ಮಕ್ಕಳು ಹಾಗೇ ಹೋಗ್ತಾರೆ. ಮಾತೆ ಮರಿಯಮ್ಮನವರು ಹುಟ್ಟಿದ ದಿನದ ಮೊಂತಿ ಹಬ್ಬದ ಮೊದಲಿನ ಒಂಬತ್ತು ದಿನ ಎಷ್ಟು ಮಕ್ಕಳು ಮನೆ ಅಂಗಳದ ಹೂ ಕಿತ್ತು ತಂದು ಅಲ್ಲಿ ಹಾಕ್ತಾರೆ, ಅದರಲ್ಲಿ ಕ್ರೈಸ್ತರಲ್ಲದ ಮಕ್ಕಳೂ ಎಷ್ಟು ಜನ ಅಂತ ನಿಮಗೇ ಗೊತ್ತು. ಆ ಕೈ ಮುರಿದು ಬಿದ್ದದ್ದನ್ನ ನೋಡಿ ನನಗೂ ಕಣ್ಣಲ್ಲಿ ನೀರು ಬಂದಿದೆ.

ಆದರೂ ಆ ಹುಡುಗನಿಗೆ ಟಿಸಿ ಕೊಡೋದಿಲ್ಲ. ಆಡಳಿತ ಮಂಡಳಿ ಜೊತೆ ಕೂತು ಮಾತಾಡಿಯೇ ತೆಗೆದುಕೊಂಡ ನಿರ್ಧಾರ ಇದು.

ಶಿಕ್ಷೆ ಇಲ್ಲ ಅಂತ ಅಲ್ಲ, ಇದನ್ನ ದಯವಿಟ್ಟು ಸರಿಯಾಗಿ ಓದಿ, ಎಂತಕ್ಕೆ ಅಂದರೆ "ಹೆಡ್ ಮೇಡಂ ಅವನನ್ನ ಹಾಗೇ ಬಿಟ್ರು" ಅಂತಲೇ ಎಲ್ಲ ಕಡೆ ಸುದ್ದಿ ಆಗಿದೆ. ಒಂದು ವಾರ ಅವನನ್ನ ಕ್ಲಾಸಿಗೆ ಸೇರಿಸಲಿಲ್ಲ. ರಿಪೇರಿ ಖರ್ಚನ್ನ ಅವನ ಮನೆಯವರು ಕಂತಿನಲ್ಲಿ ಕೊಡ್ತಾರೆ, ಅವರೇ ಮುಂದೆ ಬಂದು ಹೇಳಿದ್ದು. ಮೇಸ್ತ್ರಿ ಬರುವ ಶನಿವಾರಗಳಲ್ಲಿ ಮಧ್ಯಾಹ್ನ ಅವನು ಅವರ ಜೊತೆ ನಿಂತು ಕೆಲಸ ಮಾಡ್ತಾನೆ, ಸಿಮೆಂಟ್ ಕಲಸೋದು, ಗಾಜಿನ ಚೂರು ಹೆಕ್ಕೋದು, ನೀರು ಹಿಡಿಯೋದು ಎಲ್ಲ. ಹೊಸ ಮೂರ್ತಿಯನ್ನೇ ಗೋವಾದಿಂದ ತರಿಸೋಣ, ದುಡ್ಡು ನಾವು ಹಾಕ್ತೇವೆ ಅಂತ ಕೆಲವರು ಹೇಳಿದ್ದೀರಿ. ನಿಮ್ಮ ಒಳ್ಳೆ ಮನಸ್ಸಿಗೆ ಥ್ಯಾಂಕ್ಸ್, ಆದರೆ ಬೇಡ, ಅದೇ ಮೂರ್ತಿಗೆ ಅದೇ ಕೈ ಜೋಡಿಸೋಣ, ಜೋಡಿಸಿದ ಗುರುತು ಕಂಡರೆ ಕಾಣಲಿ. ಅಸೆಂಬ್ಲಿಯಲ್ಲಿ ಎಲ್ಲರ ಎದುರು ಅವನು ಕ್ಷಮೆ ಕೇಳಬೇಕು ಅಂತ ಬಹಳ ಜನ ಒತ್ತಾಯ ಮಾಡಿದ್ರಿ. ಅದನ್ನೂ ಮಾಡಿಸೋದಿಲ್ಲ. ಅವನು ಆಫೀಸಿನಲ್ಲಿ, ಅಪ್ಪ ಅಮ್ಮನ ಎದುರು, ಫಾದರ್ ಎದುರು ಕ್ಷಮೆ ಕೇಳಿದ್ದಾನೆ. ನೂರಾರು ಮಕ್ಕಳ ಎದುರು ತಲೆ ತಗ್ಗಿಸಿ ನಿಲ್ಲಿಸಿದರೆ ಅವನ ಮನಸ್ಸಲ್ಲಿ ಉಳಿಯೋದು ಅವಮಾನ, ಪಶ್ಚಾತ್ತಾಪ ಅಲ್ಲ, ಇಷ್ಟು ವರ್ಷ ಮಕ್ಕಳ ಜೊತೆ ಇದ್ದು ನನಗೆ ಇದರಲ್ಲಿ ಸಂಶಯ ಇಲ್ಲ.

ಹೊಡೆದ ನಾಲ್ವರಿಗೂ ಅದೇ ಒಂದು ವಾರ, ಅದೇ ಶನಿವಾರದ ಕೆಲಸ. ಐವರೂ ಒಟ್ಟಿಗೇ ಮಾಡ್ತಾರೆ. ಇದಕ್ಕೆ ನಾಲ್ವರ ಮನೆಯವರಲ್ಲಿ ಕೆಲವರಿಗೆ ತುಂಬಾ ಬೇಸರ ಆಗಿದೆ, ನಮ್ಮ ಮಗ ಧರ್ಮಕ್ಕೋಸ್ಕರ ಮಾಡಿದ್ದು, ಅವನನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿ ಇಡ್ತೀರಾ ಅಂತ ಕೇಳಿದ್ದಾರೆ.

ಈ "ಧರ್ಮಕ್ಕೋಸ್ಕರ" ಅನ್ನೋ ಮಾತಿಗೇ ನಾನು ಸ್ವಲ್ಪ ಉದ್ದ ಉತ್ತರ ಕೊಡಬೇಕು, ಬೇಜಾರು ಮಾಡ್ಕೋಬೇಡಿ. ಕ್ರೈಸ್ತ ಪೋಷಕರನ್ನ ಮನಸ್ಸಲ್ಲಿ ಇಟ್ಟುಕೊಂಡೇ ಬರೀತಾ ಇದ್ದೇನೆ, ಉಳಿದವರೂ ಓದಿ, ಗುಟ್ಟಿನದ್ದು ಏನೂ ಇಲ್ಲ.

ಒಳ್ಳೆ ಸಮಾರಿಯದವನ ಕಥೆ ನಮ್ಮ ಶಾಲೆಯಲ್ಲಿ ಕಲಿತ ಎಲ್ಲರಿಗೂ ಗೊತ್ತು. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿ, ಕಳ್ಳರು ಹೊಡೆದು ಹಾಕಿದ ಮನುಷ್ಯ, ನೋಡಿಯೂ ನೋಡದ ಹಾಗೆ ದಾಟಿ ಹೋದ ಯಾಜಕ, ದೇವಾಲಯದ ಸೇವೆಯ ಲೇವಿಯ, ಕೊನೆಗೆ ಎಣ್ಣೆ ದ್ರಾಕ್ಷಾರಸ ಹಾಕಿ ಗಾಯ ಕಟ್ಟಿ ಛತ್ರಕ್ಕೆ ಸೇರಿಸಿ ಎರಡು ಬೆಳ್ಳಿ ನಾಣ್ಯ ಕೊಟ್ಟು ಹೆಚ್ಚಾದರೆ ಬರುವಾಗ ಕೊಡ್ತೇನೆ ಅಂದ ಸಮಾರಿಯದವನು. ಸ್ಕೂಲ್ ಡೇ ನಾಟಕದಲ್ಲಿ ಎಷ್ಟು ಸಲ ಆಡಿಸಿದ್ದೇವೆ. ಆದರೆ ಅದು ಬೈಬಲಿನಲ್ಲಿ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಇರೋದು, ಅದರ ಹಿಂದಿನ ಅಧ್ಯಾಯದ ಕೊನೆಗೆ ಏನಿದೆ ಅಂತ ಒಂದು ಸಲ ತೆಗೆದು ನೋಡಿ. ಯೇಸುಸ್ವಾಮಿ ಜೆರುಸಲೇಮಿಗೆ ಹೊರಟಿದ್ದಾರೆ, ದಾರಿಯಲ್ಲಿ ಒಂದು ಸಮಾರಿಯದ ಊರು, ಸಮಾರಿಯದವರಿಗೂ ಯೆಹೂದ್ಯರಿಗೂ ಆಗ ಆಗಿಬರ್ತಿರಲಿಲ್ಲ, ಆ ಊರಿನವರು ಇವರನ್ನ ಒಳಗೆ ಬಿಡೋದಿಲ್ಲ. ಶಿಷ್ಯರಿಗೆ ಸಿಟ್ಟು ಬರ್ತದೆ, ಯಕೋಬ ಮತ್ತು ಯೊವಾನ್ನ ಇಬ್ಬರೂ ಕೇಳ್ತಾರೆ, ಸ್ವಾಮಿ, ಆಕಾಶದಿಂದ ಬೆಂಕಿ ಬಿದ್ದು ಇವರು ಸುಟ್ಟುಹೋಗಲಿ ಅಂತ ಹೇಳೋಣವಾ. ಅವರೂ ಧರ್ಮಕ್ಕೋಸ್ಕರ, ಸ್ವಾಮಿಯ ಮರ್ಯಾದೆಗೋಸ್ಕರವೇ ಕೇಳಿದ್ದು! ಯೇಸುಸ್ವಾಮಿ ತಿರುಗಿ ಗದರಿಸಿದ್ದು ಯಾರನ್ನ? ಬಾಗಿಲು ಹಾಕಿದ ಊರಿನವರನ್ನ ಅಲ್ಲ, ತನ್ನ ಪರವಾಗಿ ಸಿಟ್ಟಾದ ಈ ಇಬ್ಬರನ್ನ. ಆಮೇಲೆ ಸುಮ್ಮನೆ ಬೇರೆ ಊರಿಗೆ ಹೋದರು. ಆಮೇಲೆ ನೆರೆಯವ ಅಂದರೆ ಯಾರು ಅಂತ ಒಬ್ಬ ಕೇಳಿದಾಗ ಕಥೆಯ ಒಳ್ಳೆ ಮನುಷ್ಯನಾಗಿ ಸ್ವಾಮಿ ಆರಿಸಿದ್ದು ಅದೇ ಸಮಾರಿಯದವನನ್ನ, ಬಾಗಿಲು ಹಾಕಿದ ಆ ಜನರಲ್ಲೇ ಒಬ್ಬನನ್ನ.

ನಮ್ಮ ನಾಲ್ಕು ಹುಡುಗರು ಆ ಯಕೋಬ ಯೊವಾನ್ನರ ಜಾಗದಲ್ಲಿ ನಿಂತಿದ್ದಾರೆ, ಮನವಿಗೆ ಸಹಿ ಮಾಡಿದ ನಾವು ದೊಡ್ಡವರೂ ಅಲ್ಲೇ ನಿಂತಿದ್ದೇವೆ. ಗದರಿಸಿಕೊಂಡರೂ ಆ ಇಬ್ಬರನ್ನ ಸ್ವಾಮಿ ಕೈ ಬಿಡಲಿಲ್ಲ, ಶಿಷ್ಯರಾಗಿಯೇ ಇಟ್ಟುಕೊಂಡರು. ನಾನು ಐದು ಮಕ್ಕಳಲ್ಲಿ ಯಾರನ್ನೂ ಬಿಡೋದಿಲ್ಲ ಅಂತ ಹೇಳೋದಕ್ಕೆ ಧೈರ್ಯ ಅಲ್ಲಿಂದಲೇ ಬಂದದ್ದು.

ಇನ್ನೊಂದು ಮಾತು ಮತ್ತೆ ಮತ್ತೆ ಬರ್ತಾ ಇದೆ. ಹೀಗೆ ಕ್ಷಮಿಸ್ತಾ ಹೋದರೆ ನಮ್ಮನ್ನ ಯಾರೂ ಲೆಕ್ಕಕ್ಕೆ ಇಡೋದಿಲ್ಲ, ಇವತ್ತು ಗ್ರೊಟ್ಟೊ ನಾಳೆ ಇಗರ್ಜಿ, ನಾವು ಕಡಿಮೆ ಜನ ಇದ್ದೇವೆ ಅಂತ ಹೆದರಿಕೊಂಡು ಮೇಡಂ ಬಾಯಿ ಮುಚ್ಚಿಕೊಂಡಿದ್ದಾರೆ ಅಂತ. ಹೆದರಿದ್ದಲ್ಲ. ಹೆದರಿದ್ದರೆ ಟಿಸಿ ಕೊಟ್ಟು ಕೈ ತೊಳ್ಕೊಳ್ಳೋದು ಎಲ್ಲಕ್ಕಿಂತ ಸುಲಭ ಇತ್ತು, ನೀವೂ ಖುಷಿ, ನನಗೂ ನಿದ್ದೆ. ಕ್ಷಮೆ ಬೇರೆ, ತಪ್ಪಿಗೆ ಬೆಲೆ ಕೊಡೋದು ಬೇರೆ, ಎರಡನ್ನೂ ಒಟ್ಟಿಗೆ ಮಾಡಬಹುದು. ಗ್ಲಾಡಿಸ್ ಸ್ಟೇನ್ಸ್ ಅವರ ಹೆಸರು ನಿಮ್ಮಲ್ಲಿ ಹಲವರು ಕೇಳಿದ್ದೀರಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಸ್ಟೇನ್ಸ್, 10 ವರ್ಷದ ಫಿಲಿಪ್, 6 ವರ್ಷದ ತಿಮೋತಿ, ಮೂವರನ್ನೂ ಜೀಪಿನಲ್ಲಿ ಮಲಗಿದ್ದಲ್ಲೇ ಬೆಂಕಿ ಹಚ್ಚಿ ಕೊಂದರು. ನಮ್ಮ ಗ್ರೊಟ್ಟೊ ವಿಷಯವನ್ನ ಅದರ ಪಕ್ಕ ಇಡೋದಕ್ಕೂ ನನಗೆ ಸಂಕೋಚ, ಅಷ್ಟು ದೊಡ್ಡ ನೋವು ಅದು. ಆ ತಾಯಿ ಕೊಂದವರನ್ನ ಕ್ಷಮಿಸಿದ್ದೇನೆ ಅಂದರು. ಮಗಳನ್ನ ಕರ್ಕೊಂಡು ಆಸ್ಟ್ರೇಲಿಯಾಕ್ಕೆ ಕೂಡಲೇ ಹೊರಟು ಹೋಗಲಿಲ್ಲ, 2004ರ ತನಕ ಬಾರಿಪದದಲ್ಲೇ ಇದ್ದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು, 2005ರಲ್ಲಿ ಪದ್ಮಶ್ರೀ ಬಂತು. ಆದರೆ ಅವರು ಕ್ಷಮಿಸಿದರು ಅಂತ ಕೋರ್ಟು ಸುಮ್ಮನೆ ಕೂರಲಿಲ್ಲ, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನ 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಅವರ ಮನಸ್ಸಲ್ಲಿ ದ್ವೇಷ ಉಳಿಯಲಿಲ್ಲ, ನ್ಯಾಯವೂ ನಿಲ್ಲಲಿಲ್ಲ. ಆ ತಾಯಿಯನ್ನ ಯಾರಾದರೂ ಹೇಡಿ ಅಂತಾರಾ?

ನಮ್ಮಿಂದ ಕೇಳ್ತಾ ಇರೋದು ಅದರ ನೂರನೇ ಒಂದು ಪಾಲು ಮಾತ್ರ. ಹದಿನಾಲ್ಕು ವರ್ಷದ ಒಬ್ಬ ಹುಡುಗ ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂರೋದಕ್ಕೆ ಬಿಡಬೇಕು. ಅಷ್ಟೇ.

ಪ್ರೀತಿ ಮಾಡೋದು ಅಂದರೆ ಅವನ ಮೇಲೆ ಇವತ್ತೇ ಮಮತೆ ಉಕ್ಕಬೇಕು ಅಂತ ನಾನು ಹೇಳ್ತಾ ಇಲ್ಲ. ಅದು ಬರೋದಿಲ್ಲ, ನನಗೂ ಬರಲಿಲ್ಲ. ವೈರಿಗಳನ್ನ ಪ್ರೀತಿಸಿ ಅಂತ ಸ್ವಾಮಿ ಹೇಳಿದ ಕೂಡಲೇ ಹಿಂಸೆ ಕೊಡುವವರಿಗಾಗಿ ಪ್ರಾರ್ಥಿಸಿ ಅಂತಲೂ ಹೇಳಿದ್ದಾರೆ, ಅಂದರೆ ಮನಸ್ಸಿಗೆ ಹಿಡಿಸದಿದ್ದರೂ ಕೈಲಾಗುವ ಒಂದು ಕೆಲಸ ಕೊಟ್ಟಿದ್ದಾರೆ. ಹೆಸರು ಹಿಡಿದು ಪ್ರಾರ್ಥನೆ ಮಾಡೋದು, ಮನೆಯಲ್ಲಿ ಊಟದ ಹೊತ್ತಿಗೆ ಮಕ್ಕಳ ಎದುರು ಅವನ ಜಾತಿ ಧರ್ಮ ಎತ್ತಿ ಮಾತಾಡದೇ ಇರೋದು, ದಾರಿಯಲ್ಲಿ ಅವನ ಅಮ್ಮ ಸಿಕ್ಕಿದರೆ ಮುಖ ತಿರುಗಿಸದೇ ಇರೋದು. ಆ ತಾಯಿ ಈಗ ಮೀನು ಪೇಟೆಗೂ ಹೋಗೋದಕ್ಕೆ ಹಿಂಜರೀತಾ ಇದ್ದಾರೆ, ಇದು ನಮ್ಮ ಊರಲ್ಲಿ ಆಗಬಾರದು. ಇದೇ ಕಾರವಾರದಲ್ಲಿ 2024ರ ಆಗಸ್ಟಿನಲ್ಲಿ ನಡುರಾತ್ರಿ ಹಳೇ ಕಾಳಿ ಸೇತುವೆ ಕುಸಿದು ಲಾರಿ ಹೊಳೆಗೆ ಬಿದ್ದಾಗ ಆ ಮಳೆಗಾಲದ ನೀರಿಗೆ ಇಳಿದು ಹೊರರಾಜ್ಯದ ಚಾಲಕನನ್ನ ಮೇಲೆ ತಂದದ್ದು ನಮ್ಮ ಮೀನುಗಾರರು, ಪೊಲೀಸರು. ಅವನು ಯಾವ ದೇವರಿಗೆ ಕೈ ಮುಗೀತಾನೆ ಅಂತ ಕೇಳ್ಕೊಂಡು ಯಾರೂ ದೋಣಿ ಬಿಡಲಿಲ್ಲ.

ಪೂಜೆಗೆ ಸಹಾಯ ಮಾಡುವ ಇಬ್ಬರು ಹುಡುಗರ ಬಗ್ಗೆ ಫಾದರ್ ಜೊತೆ ಮಾತಾಡಿದ್ದೇನೆ. ಕಾಣಿಕೆ ತಂದಾಗ ನಿನ್ನ ಮೇಲೆ ಸಹೋದರನಿಗೆ ಏನಾದರೂ ಬೇಸರ ಇದೆ ಅಂತ ನೆನಪಾದರೆ ಕಾಣಿಕೆಯನ್ನ ಅಲ್ಲೇ ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಅವನ ಜೊತೆ ರಾಜಿಯಾಗು ಅಂತ ಮತ್ತಾಯನ ಐದನೇ ಅಧ್ಯಾಯದಲ್ಲಿ ಇದೆ. ಮೊದಲು ರಾಜಿ, ಆಮೇಲೆ ಕಾಣಿಕೆ, ಇದನ್ನ ಆ ಮಕ್ಕಳಿಗೆ ಫಾದರ್ ತಾವೇ ಕೂರಿಸಿ ಓದಿಸಿದ್ದಾರೆ. ಅವರಲ್ಲಿ ಒಬ್ಬ ತಾನಾಗಿಯೇ ಆ ಹುಡುಗನ ಮನೆಗೆ ಹೋಗಿ ಬಂದಿದ್ದಾನೆ. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ. ಉಳಿದ ಮೂವರಿಗೆ ಇನ್ನೂ ಟೈಮ್ ಬೇಕು, ಒತ್ತಾಯ ಮಾಡೋದಿಲ್ಲ, ಆದರೆ ಇನ್ನೊಂದು ಸಲ ಯಾರ ಮೇಲೂ ಕೈ ಎತ್ತಿದರೆ ಆಗ ನಾನು ಇಷ್ಟು ಮೆತ್ತಗೆ ಮಾತಾಡೋದಿಲ್ಲ, ಇದು ಐವರ ಮನೆಯವರಿಗೂ ಹೇಳಿ ಆಗಿದೆ.

ಕ್ರೈಸ್ತರಲ್ಲದ ಪೋಷಕರಿಗೆ ಒಂದು ಮಾತು. ಶನಿವಾರ ಆ ಹುಡುಗನನ್ನ ಗ್ರೊಟ್ಟೊ ಹತ್ರ ಕರ್ಕೊಂಡು ಹೋಗಿ ಪ್ರಾರ್ಥನೆ ಮಾಡಿಸ್ತಾರೆ ಅಂತ ಒಂದು ಮೆಸೇಜ್ ಓಡಾಡ್ತಾ ಇದೆ. ಸುಳ್ಳು. ಅವನು ಅಲ್ಲಿ ಗಾರೆ ಕೆಲಸ ಮಾಡ್ತಾನೆ, ಕೈ ತೊಳ್ಕೊಂಡು ಮನೆಗೆ ಹೋಗ್ತಾನೆ. ಅವನ ಮನೆಯವರು ಬೇಕಾದರೆ ಬಂದು ಅಲ್ಲೇ ಕೂರಬಹುದು, ನಿಮ್ಮಲ್ಲಿ ಯಾರಾದರೂ ಬಂದರೂ ಅಡ್ಡಿ ಇಲ್ಲ.

ಶಾಲೆ ಬದಲಾಯಿಸ್ತೇವೆ ಅಂತ ಬರೆದವರಿಗೆ, ನೀವು ಹೋದರೆ ನನಗೆ ತುಂಬಾ ಬೇಸರ ಆಗ್ತದೆ, ನಿಮ್ಮ ಮಕ್ಕಳು ನನಗೆ ಬೇಕು. ಹೋಗಲೇಬೇಕು ಅಂದರೆ ತಡೆಯೋದಿಲ್ಲ, ಟಿಸಿ ಅದೇ ದಿನ ಸಿಗ್ತದೆ. ಆದರೆ ಒಂದು ಮಗುವನ್ನ ಹೊರಗೆ ಹಾಕಿದರೆ ಮಾತ್ರ ನಾವು ಉಳೀತೇವೆ ಅನ್ನೋ ಮಾತಿಗೆ ಈ ಶಾಲೆ ಒಪ್ಪೋದಿಲ್ಲ, ಮಾತೆಯ ಹೆಸರು ಹೇಳಿಕೊಂಡು ಒಬ್ಬ ತಾಯಿಯ ಮಗನನ್ನ ಗೇಟಿನ ಹೊರಗೆ ನಿಲ್ಲಿಸೋದಕ್ಕೆ ನನ್ನ ಕೈಯಿಂದ ಸಹಿ ಬೀಳೋದಿಲ್ಲ.

ನಿಮ್ಮಿಂದ ಬೇಕಾದ್ದು ಒಂದೇ: ಆ ಹೊಡೆದ ವಿಡಿಯೋ ನಿಮ್ಮ ಮೊಬೈಲಲ್ಲಿ, ಮಕ್ಕಳ ಮೊಬೈಲಲ್ಲಿ ಇದ್ದರೆ ಇವತ್ತೇ ಡಿಲೀಟ್ ಮಾಡಿ.

ಮಾತಾಡಬೇಕು ಅನ್ನಿಸಿದವರು ಶನಿವಾರ ಕ್ಲಾಸ್ ಬಿಟ್ಟ ಮೇಲೆ ಆಫೀಸಿಗೆ ಬನ್ನಿ, ಸಂಜೆ ತನಕ ಇರ್ತೇನೆ. ಗ್ರೂಪಲ್ಲಿ ಬರೆದದ್ದಕ್ಕೆ ಉತ್ತರ ಕೊಡೋದಿಲ್ಲ, ಎದುರು ಬಂದು ಎಷ್ಟು ಸಿಟ್ಟಿನಿಂದ ಕೇಳಿದರೂ ಕೊಡ್ತೇನೆ. ಟೆಂಪೋದವರಿಗೆ ಹೇಳಿದ್ದೇನೆ, ಶನಿವಾರ ಕೆಲಸಕ್ಕೆ ನಿಲ್ಲುವ ಐದು ಮಕ್ಕಳನ್ನ ಆಮೇಲೆ ಒಂದೇ ಟ್ರಿಪ್ಪಿನಲ್ಲಿ ಮನೆ ಮನೆಗೆ ಬಿಡ್ತಾರೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಕಾರವಾರ