ಟ್ರಿಯಾನಾ ಮಾರುಕಟ್ಟೆಯ ಆ ಅಜ್ಜಿಗೆ

ಸ್ಪೇನಿನ ಸೆವಿಲ್ಲಾದಲ್ಲಿ, ನದಿಯಾಚೆಯ ಟ್ರಿಯಾನಾ ಮಾರುಕಟ್ಟೆಯ ತಿಂಡಿ ಅಂಗಡಿಯೊಂದರ ಮುಂದೆ ಮೆನು ಹಿಡಿದು ಪೆಚ್ಚಾಗಿ ನಿಂತಿದ್ದೆ. ‘ಕೆ ಮೆ ರೆಕೊಮ್ಯೆಂದಾ?’ (ಏನು ತಗೊಳ್ಳಲಿ ಹೇಳಿ) ಅನ್ನೋದನ್ನು ಬಾಯಿಪಾಠ ಮಾಡಿದ್ದೆ. ಜತೆಗೆ ‘ಸಿನ್ ಕಾರ್ನೆ’, ಮಾಂಸ ಬೇಡ. ಅಂಗಡಿಯವನು ಖುಷಿಯಿಂದ ಟ್ಯೂನಾ ತೋರಿಸಿದ. ಅಲ್ಲಿ ‘ಕಾರ್ನೆ’ ಅಂದರೆ ಮೀನು ಲೆಕ್ಕಕ್ಕಿಲ್ಲ!

ಪಕ್ಕದಲ್ಲಿ ಕೂತಿದ್ದ ನೀವು, ಅಜ್ಜಿ, ನಕ್ಕು ‘ನಿ ಪೆಸ್ಕಾದೊ’ ಅಂತ ಸೇರಿಸಿ ಹೇಳಿಸಿದಿರಿ, ಮೀನೂ ಬೇಡ ಅಂತ. ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಸೂಪಿನ ಮೇಲೂ ಹಂದಿಮಾಂಸದ ಚೂರು ಉದುರಿಸ್ತಾರೆ ಅಂತ ಕೈಸನ್ನೆಯಲ್ಲೇ ಎಚ್ಚರಿಸಿದಿರಿ. ಆಮೇಲೆ ಅರೆಬರೆ ಇಂಗ್ಲಿಷಿನಲ್ಲಿ ಒಂದು ಗುಟ್ಟು: ‘ಉಸ್ತೆದ್ ಕೆ ಪೆದಿರಿಯಾ?’ ಅಂತ ಕೇಳು. ‘ನೀವಾಗಿದ್ರೆ ಏನು ತರಿಸ್ಕೊಳ್ತಿದ್ರಿ?’ ಆಗ ದುಬಾರಿಯದ್ದನ್ನು ಬಿಟ್ಟು ತಮಗಿಷ್ಟವಾದ್ದನ್ನು ಹೇಳ್ತಾರಂತೆ. ‘ಉಸ್ತೆದ್’ ಅಂದರೆ ನಮ್ಮ ‘ನೀವು’. ನನ್ನನ್ನು ಮಾತ್ರ ಮೊದಲ ಮಾತಿಗೇ ‘ತೂ’ (ನೀನು) ಅಂದಿರಿ, ನಮ್ಮೂರ ಅಜ್ಜಿಯರ ಹಾಗೆ.

ಕೇಳಿದೆ. ಬಂದದ್ದು ಪಾಲಕ್ ಸೊಪ್ಪು, ಕಾಬೂಲಿ ಕಡಲೆಯ ಬಿಸಿಬಿಸಿ ಪಲ್ಯ, ಜೀರಿಗೆ ಘಮದ ಸಮೇತ. ಅಮ್ಮನ ಅಡುಗೆಮನೆ ನೆನಪಾಯ್ತು. ನಿಮ್ಮ ಹೆಸರು ಕೇಳುವಷ್ಟರಲ್ಲಿ ನೀವು ಕೈಚೀಲ ಎತ್ತಿಕೊಂಡು ಹೊರಟೇಬಿಟ್ಟಿದ್ದಿರಿ.

ಮೂಚಾಸ್ ಗ್ರಾಸಿಯಾಸ್, ಅಜ್ಜಿ.